ಯಲಹಂಕದ ನೀರು, ಆರ್.ಟಿ. ನಗರದ ಪಾಠ, ಅಪ್ಪನ ಬ್ರಷ್

ಅಪ್ಪ ಗಡ್ಡ ತೆಗೆದು ಒಂಬತ್ತು ದಿನ ಆಗಿತ್ತು.

‘ಅದರಲ್ಲೇನಿದೆ?’ ಅಂತೀರೇನೋ. ನಮ್ಮ ಆಫೀಸಿನಲ್ಲಿ ಗಡ್ಡ ಇಲ್ಲದ ಹುಡುಗರನ್ನು ಹುಡುಕಬೇಕು. ನಾನೂ ವಾರಕ್ಕೊಂದು ಸಲ ಟ್ರಿಮ್ಮರ್ ಓಡಿಸಿ ಮುಗಿಸುವವನೇ. ಆದರೆ ಅಪ್ಪನ ಲೆಕ್ಕ ಬೇರೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ 34 ವರ್ಷ ಲೇತ್ ಮೆಷಿನ್ ಮುಂದೆ ನಿಂತವರು. ಫಸ್ಟ್ ಶಿಫ್ಟ್ ಇದ್ದ ದಿನ ಬೆಳಗಿನ ನಾಲ್ಕೂವರೆಗೇ ಏಳುತ್ತಿದ್ದರು. ಬಚ್ಚಲುಮನೆಯಿಂದ ಸ್ಟೀಲ್ ಬಟ್ಟಲಲ್ಲಿ ಬ್ರಷ್ ತಿರುಗಿಸುವ ಸದ್ದು ಬಂತು ಅಂದರೆ ನಮ್ಮ ಮನೆಗೆ ಬೆಳಗಾಯ್ತು ಅಂತ ಅರ್ಥ. ರಿಟೈರ್ ಆದ ಮೇಲೂ ಆ ಸದ್ದು ನಿಂತಿರಲಿಲ್ಲ.

ಎರಡು ವರ್ಷದಿಂದ ಅವರಿಗೆ ಕೈ ನಡುಕ. ಮಾತ್ರೆ ನಡೀತಿದೆ. ಕಾಫಿ ಲೋಟ ಹಿಡಿಯೋಕೆ ಎರಡೂ ಕೈ ಬೇಕು. ಒಂದು ದಿನ ಗದ್ದದ ಕೆಳಗೆ ಬ್ಲೇಡ್ ಜಾರಿ ಟವೆಲ್ಲೆಲ್ಲ ರಕ್ತವಾಯ್ತು. ಅವತ್ತೇ ರೇಜರ್ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಮೇಲಿನ ಶೆಲ್ಫಿನಲ್ಲಿ ಇಟ್ಟುಬಿಟ್ಟರು. ಒಂದೆರಡು ಸಲ ಮನೆ ಹತ್ತಿರದ ಸಲೂನಿಗೆ ಕರೆದುಕೊಂಡು ಹೋದೆ. ಅಲ್ಲಿ ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ಅವರ ಕೈ ತೊಡೆಯ ಮೇಲೆ ನಡುಗುತ್ತಿರುತ್ತೆ. ಎದುರಿನ ದೊಡ್ಡ ಕನ್ನಡಿಯಲ್ಲಿ ಎಲ್ಲರಿಗೂ ಕಾಣುತ್ತೆ. ‘ಸಾಕು ಬಿಡೋ, ಇನ್ನು ಬರಲ್ಲ’ ಅಂದರು.

ಅಷ್ಟರಲ್ಲಿ ಹಳೇ ಸಹೋದ್ಯೋಗಿಯೊಬ್ಬರ ಫೋನ್ ಬಂತು. ರಿಟೈರ್ ಆದವರೆಲ್ಲ ವರ್ಷಕ್ಕೊಮ್ಮೆ ಯಶವಂತಪುರದ ಹೋಟೆಲೊಂದರಲ್ಲಿ ಸೇರಿ ಊಟ ಮಾಡುತ್ತಾರೆ. ಈ ಸಲದ್ದಕ್ಕೆ ಮೂರು ವಾರ ಬಾಕಿ ಇತ್ತು. ಅಪ್ಪ ‘ಮೈ ಸರಿ ಇಲ್ಲ ಕಣಯ್ಯ’ ಅಂತ ಹೇಳಿ ಫೋನ್ ಇಟ್ಟರು. ಅಮ್ಮ ಕೇಳಿದ್ದಕ್ಕೆ, ‘ಈ ಮುಖ ಇಟ್ಕೊಂಡು ಎಲ್ಲಿಗೆ ಹೋಗ್ಲಿ?’ ಅಂದರು.

ಆ ಮಾತು ನನಗೆ ಕೇಳಿಸಬಾರದಿತ್ತು, ಕೇಳಿಸಿತು. ‘ನಾನು ಶೇವ್ ಮಾಡ್ತೀನಿ ಅಪ್ಪ’ ಅಂದೆ.

ಅವರು ನನ್ನನ್ನೇ ನೋಡಿದರು. ‘ಬ್ರಷ್ ಹಿಡಿದು ನೊರೆ ಬರಿಸೋಕೆ ಬರುತ್ತೇನೋ ನಿನಗೆ?’

ಬರುತ್ತಿರಲಿಲ್ಲ.

ಮೊದಲ ದಿನದ ಪಜೀತಿ

ಮೊದಲು ನನಗೆ ಗೊತ್ತಿದ್ದ ದಾರಿ ಹಿಡಿದೆ. ಕ್ಯಾನ್ ಅಲ್ಲಾಡಿಸು, ಒತ್ತು, ಹಚ್ಚು. ಅಪ್ಪ ಮುಖ ಹಿಂದಕ್ಕೆ ತೆಗೆದರು. ‘ಇದೇನೋ, ಬರ್ತ್‌ಡೇ ಕೇಕಿಗೆ ಹಚ್ಚಿದ ಹಾಗೆ. ತಣ್ಣಗೆ ಕೊರೀತಿದೆ.’ ಒರೆಸಿದೆ.

ಸರಿ, ಅವರದೇ ಸಾಮಾನು ತೆಗೆದೆ. ಮರದ ಹಿಡಿಯ ಬ್ರಷ್, ದುಂಡನೆಯ ಶೇವಿಂಗ್ ಸೋಪು, ಅಂಚು ಸವೆದ ಸ್ಟೀಲ್ ಬಟ್ಟಲು. ಯೂಟ್ಯೂಬಿನಲ್ಲಿ ಎರಡು ನಿಮಿಷದ ವಿಡಿಯೊ ನೋಡಿಕೊಂಡು ನಲ್ಲಿ ನೀರಲ್ಲಿ ಬ್ರಷ್ ಅದ್ದಿ ಸೋಪಿನ ಮೇಲೆ ಜೋರಾಗಿ ತಿಕ್ಕಿದೆ. ಬಂದಿದ್ದು ನೊರೆ ಅಲ್ಲ, ಪಾತ್ರೆ ತೊಳೆದಾಗ ಬರೋ ಗುಳ್ಳೆ. ಅಪ್ಪನ ಕೆನ್ನೆಗೆ ಹಚ್ಚೋದರೊಳಗೆ ಅರ್ಧ ಒಡೆದುಹೋಯ್ತು. ಇನ್ನೊಂದು ಕೆನ್ನೆಗೆ ಹೋಗುವಷ್ಟರಲ್ಲಿ ಮೊದಲನೇ ಕೆನ್ನೆ ಒಣಗಿ ಬಿಳಿ ಪುಡಿ ಥರ ಆಗಿತ್ತು. ಬಟ್ಟಲಿನ ಅಂಚಿಗೆ ಬೂದು ಬಣ್ಣದ ಜಿಡ್ಡು.

ಬ್ಲೇಡ್ ಇಡೋಕೆ ನನಗೇ ಭಯವಾಯ್ತು. ಇಡಲಿಲ್ಲ.

ಅಪ್ಪ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ಮೆಲ್ಲಗೆ ಹೇಳಿದರು: ‘ನಿನ್ನ ತಪ್ಪಲ್ಲ ಬಿಡು. ಈ ಮನೆಗೆ ಬಂದ ಮೇಲೆ ನನಗೂ ಸರಿಯಾಗಿ ನೊರೆ ಬಂದಿಲ್ಲ. ಆರ್.ಟಿ. ನಗರದಲ್ಲಿ ಬರ್ತಿತ್ತು.’

ಯಲಹಂಕಕ್ಕೆ ಬಂದು ಒಂಬತ್ತು ವರ್ಷ. ಈ ಮಾತು ಅವರು ಹೇಳಿದ್ದು ಅವತ್ತೇ ಮೊದಲು.

ಹೆಬ್ಬಾಳ ದಾಟಿ ಹಳೇ ಅಂಗಡಿಗೆ

ಆರ್.ಟಿ. ನಗರದಲ್ಲಿ ನಾವು ಬಾಡಿಗೆಗಿದ್ದ ಬೀದಿಯ ತುದಿಯಲ್ಲಿ ಒಂದು ಕಟಿಂಗ್ ಶಾಪ್ ಇತ್ತು. ಮರದ ಹಲಗೆ ಹಾಕಿ, ಅದರ ಮೇಲೆ ಕೂರಿಸಿ ನನಗೆ ಮೊದಲ ಸಲ ತಲೆ ಕತ್ತರಿಸಿದ್ದು ಅಲ್ಲೇ. ಅಂಗಡಿ ಇನ್ನೂ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಸೋಮವಾರ ರಜೆ ಹಾಕಿ ಗಾಡಿ ತೆಗೆದೆ. ಮಂಗಳವಾರ ಹೋದರೆ ಪ್ರಯೋಜನ ಇಲ್ಲ, ಕ್ಷೌರದ ಅಂಗಡಿಗಳಿಗೆ ಅವತ್ತು ರಜಾ.

ಯಲಹಂಕದಿಂದ ಬಳ್ಳಾರಿ ರಸ್ತೆ ಹಿಡಿದರೆ ಜಕ್ಕೂರಿನ ವಿಮಾನ ತರಬೇತಿ ಮೈದಾನ, ಜಿಕೆವಿಕೆಯ ಹಸಿರು, ಆಮೇಲೆ ಹೆಬ್ಬಾಳದ ಫ್ಲೈಓವರ್. ಅಲ್ಲಿಗೆ ಬಂದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಒಂದು ಕಡೆ ಮೆಟ್ರೊ ಕಾಮಗಾರಿ, ಇನ್ನೊಂದು ಕಡೆ ಏರ್‌ಪೋರ್ಟ್ ಟ್ಯಾಕ್ಸಿಗಳು. ಕೆಳಗೆ ಕೆರೆ ತಣ್ಣಗೆ ಮಲಗಿರುತ್ತೆ. ದಿನಾ ಇದೇ ದಾರಿಯಲ್ಲಿ ಆಫೀಸಿಗೆ ಹೋಗುವ ನನಗೆ ಅವತ್ತು ಮಾತ್ರ ಬೇರೆ ಯೋಚನೆ ಬಂತು. ಊರು ಇಷ್ಟು ಬೆಳೆದಿದೆ, ಎಲ್ಲರ ಮನೆಯ ನಲ್ಲಿಗೂ ಎಲ್ಲಿಂದ ನೀರು ಬರುತ್ತೆ?

ಆರ್.ಟಿ. ನಗರ ಅಂದರೆ ರವೀಂದ್ರನಾಥ ಟ್ಯಾಗೋರ್ ನಗರ. ದೇಶದಲ್ಲೇ ಅತಿ ಪ್ರಸಿದ್ಧ ಗಡ್ಡದವರ ಹೆಸರಿಟ್ಟುಕೊಂಡ ಬಡಾವಣೆಗೆ ನಾನು ಗಡ್ಡ ತೆಗೆಯೋದು ಕಲಿಯೋಕೆ ಹೋಗುತ್ತಿದ್ದೆ.

ಅಂಗಡಿ ಇತ್ತು. ಕುರ್ಚಿ ಹೊಸದು, ಎಸಿ ಬಂದಿದೆ, ಬೋರ್ಡಿನಲ್ಲಿ ‘ಯೂನಿಸೆಕ್ಸ್’ ಸೇರಿದೆ. ಆದರೆ ಕನ್ನಡಿ ಮುಂದೆ ಅದೇ ಅಣ್ಣ. ತಲೆ ಪೂರ್ತಿ ಬೆಳ್ಳಗಾಗಿದೆ.

‘ಯಜಮಾನ್ರು ಹೇಗಿದ್ದಾರೆ?’ ಅಂದರು, ನನ್ನನ್ನು ಗುರುತು ಹಿಡಿದ ಕೂಡಲೇ. ಹೇಳಿದೆ. ಕೈ ನಡುಕದ ವಿಷಯ ಹೇಳುವಾಗ ಅವರು ಕತ್ತರಿ ಕೆಳಗಿಟ್ಟರು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ‘ಬನ್ನಿ ಒಳಗೆ, ನೊರೆ ಬರಿಸೋದು ಹೇಳ್ಕೊಡ್ತೀನಿ. ಬ್ಲೇಡ್ ಹಿಡಿಯೋದು ಆಮೇಲೆ. ನೊರೆ ಸರಿ ಇದ್ದರೆ ಬ್ಲೇಡ್ ತಾನಾಗೇ ನಡೆಯುತ್ತೆ.’

ಅಣ್ಣನ ಬಟ್ಟಲು

ಅವರು ಮೊದಲು ಮಾಡಿದ್ದು ಏನೂ ಮಾಡದೆ ಇರೋದು. ಬ್ರಷ್ಷನ್ನು ಬೆಚ್ಚಗಿನ ನೀರಿನ ಮಗ್ಗಿನಲ್ಲಿ ಮುಳುಗಿಸಿಟ್ಟು ಮೂರು ನಿಮಿಷ ನನ್ನ ಜೊತೆ ಮಾತಾಡಿದರು. ‘ಇದು ಹಂದಿಕೂದಲಿನ ಬ್ರಷ್. ನೀರು ಕುಡೀಬೇಕು. ಒಣಗಿದ್ದರೆ ಮುಖಕ್ಕೆ ಚುಚ್ಚುತ್ತೆ, ನೊರೆಯ ನೀರನ್ನೆಲ್ಲ ತಾನೇ ಕುಡಿದುಬಿಡುತ್ತೆ. ನೈಲಾನ್ ಬ್ರಷ್ ಆದ್ರೆ ಕಾಯೋದು ಬೇಡ, ಒಂದ್ಸಲ ಅದ್ದಿದರೆ ಸಾಕು.’ ಅಷ್ಟರಲ್ಲಿ ಸೋಪಿನ ಮೇಲೂ ಅರ್ಧ ಚಮಚ ನೀರು ಹಾಕಿಟ್ಟಿದ್ದರು. ಮೇಲ್ಪದರ ಮೆತ್ತಗಾಗಲಿ ಅಂತ.

ಬ್ರಷ್ ತೆಗೆದು ಎರಡು ಸಲ ಕೊಡವಿದರು. ನೀರು ತೊಟ್ಟಿಕ್ಕಬಾರದು, ಆದರೆ ಒದ್ದೆ ಇರಬೇಕು. ಆಮೇಲೆ ಸೋಪಿನ ಮೇಲೆ ಬ್ರಷ್ಷಿನ ತುದಿ ಮಾತ್ರ ತಾಗುವ ಹಾಗೆ ಸುತ್ತು. ‘ಎಣಿಸಿ’ ಅಂದರು. ಮೂವತ್ತರವರೆಗೆ ಎಣಿಸಿದೆ. ‘ನೀವು ಹತ್ತಕ್ಕೇ ನಿಲ್ಲಿಸಿರ್ತೀರಿ. ಎಲ್ಲರೂ ಅಲ್ಲೇ ಸೋಲೋದು. ಸೋಪು ಕಮ್ಮಿ ಆಯ್ತು ಅಂದ್ರೆ ಆಮೇಲೆ ಎಷ್ಟು ತಿರುಗಿಸಿದರೂ ಗುಳ್ಳೆಯೇ.’ ಬ್ರಷ್ಷಿನ ತುದಿಯಲ್ಲಿ ಈಗ ಟೂತ್‌ಪೇಸ್ಟ್ ಥರದ ದಪ್ಪ ಮುದ್ದೆ ಕೂತಿತ್ತು.

ಅದನ್ನು ಖಾಲಿ ಬಟ್ಟಲಿಗೆ ತಂದು ತಿರುಗಿಸತೊಡಗಿದರು. ಮೊದಲು ಒಣಒಣ, ಅಂಟು. ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿದರು. ಮತ್ತೆ ತಿರುಗಿಸಿದರು. ಮತ್ತೆ ನಾಲ್ಕು ಹನಿ. ಒಂದೇ ಸಲ ನೀರು ಸುರಿಯಲೇ ಇಲ್ಲ. ಒಂದು ನಿಮಿಷದೊಳಗೆ ದೊಡ್ಡ ಗುಳ್ಳೆಗಳೆಲ್ಲ ಸಣ್ಣದಾಗಿ, ಆಮೇಲೆ ಗುಳ್ಳೆಯೇ ಕಾಣದ ಹಾಗಾಗಿ, ಕೊನೆಗೆ ಹೊಳಪು ಬಂತು. ಬ್ರಷ್ ಎತ್ತಿದರೆ ಒಂದು ಸಣ್ಣ ಕೊಂಬು ಎದ್ದು ಅದರ ತುದಿ ಮೆಲ್ಲಗೆ ಬಾಗಿತು.

‘ಮನೇಲಿ ಗಟ್ಟಿ ಮೊಸರು ಕಡೆದು ನೋಡಿದ್ದೀರಲ್ಲ? ಅದೇ ಹದ. ಕೊಂಬು ನೆಟ್ಟಗೆ ನಿಂತರೆ ನೀರು ಕಮ್ಮಿ. ನಿಲ್ಲದೆ ಮಜ್ಜಿಗೆ ಥರ ಹರಿದರೆ ನೀರು ಜಾಸ್ತಿ.’ ಬೆರಳ ಮಧ್ಯೆ ಸ್ವಲ್ಪ ಹಚ್ಚಿ ಉಜ್ಜಿ ನೋಡೋಕೆ ಹೇಳಿದರು. ಬೆರಳು ಜಾರಿತು. ‘ಆ ಜಾರೋದೇ ನಿಮ್ಮಪ್ಪನ ಚರ್ಮ ಕಾಯೋದು. ಬೆಳ್ಳಗೆ ಉಬ್ಬಿರೋದಲ್ಲ.’

ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಎಲ್ಲವನ್ನೂ ಬಿಡಿಸಿ ಹೇಳಿತು. ‘ಗಡ್ಡದ ಕೂದಲು ಒಣಗಿದ್ದಾಗ ತಂತಿ. ನೀರು ಕುಡಿದಾಗ ಮೆತ್ತಗೆ. ಆದ್ರೆ ಬರೀ ನೀರು ಮುಖದ ಮೇಲೆ ನಿಲ್ಲಲ್ಲ, ಇಳಿದುಹೋಗುತ್ತೆ. ನೊರೆ ಅಂದ್ರೆ ಏನು? ನೀರನ್ನ ಮುಖದ ಮೇಲೆ ಎರಡು ನಿಮಿಷ ನಿಲ್ಲಿಸೋ ಉಪಾಯ, ಅಷ್ಟೇ.’

ನಾನು ಮೂರು ಸಲ ಪ್ರಯತ್ನಪಟ್ಟೆ. ಮೂರನೇ ಸಲ ಕೊಂಬು ಬಾಗಿತು. ಇಷ್ಟು ಸುಲಭವಾ ಅನ್ನಿಸಿತು. ‘ಮನೇಲಿ ಯಾಕೆ ಬರಲಿಲ್ಲ ಅಣ್ಣ?’ ಅಂದೆ.

‘ಯಲಹಂಕದಲ್ಲಿ ಯಾವ ನೀರು?’

‘ಬೋರ್‌ವೆಲ್.’

ಅವರು ನಕ್ಕು, ನನ್ನ ಖಾಲಿ ನೀರಿನ ಬಾಟಲಿ ಇಸಕೊಂಡು ತಮ್ಮ ನಲ್ಲಿಯಲ್ಲಿ ತುಂಬಿಸಿ ಕೊಟ್ಟರು. ‘ಕಾವೇರಿ. ತಗೊಂಡು ಹೋಗಿ, ಇದರಲ್ಲಿ ಒಂದ್ಸಲ ಮಾಡಿ ನೋಡಿ.’

ಒಂದು ಬಾಟಲಿ ಕಾವೇರಿ

ಬೆಂಗಳೂರಿನ ನೆಲದಡಿ ಇರೋದು ಕಗ್ಗಲ್ಲು. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಅದೇ ಗಡಸು ನೀರು. ಸೋಪು ಹಾಕಿದಾಗ ಈ ಲವಣಗಳು ಮೊದಲು ಸೋಪಿನ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತವೆ. ಬಟ್ಟಲಿನ ಅಂಚಿನಲ್ಲಿ ನಾನು ನೋಡಿದ ಬೂದು ಜಿಡ್ಡು ಅದೇ. ಇವುಗಳ ಹೊಟ್ಟೆ ತುಂಬಿದ ಮೇಲೆ ಉಳಿದ ಸೋಪಿನಿಂದ ಮಾತ್ರ ನೊರೆ. ಗೀಸರಿನ ಕಾಯಿಲ್ ಮೇಲೆ, ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದೂ ಇದೇ ನೀರಿನ ಕೊಡುಗೆ.

ಕಾವೇರಿ ನೀರು ಅಷ್ಟು ಗಡಸಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರತ್ತಿರ 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ಆ ನೀರನ್ನು ನಮ್ಮೂರಿಗೆ ತರುತ್ತಾರೆ. ಹಳೇ ಬಡಾವಣೆಗಳಿಗೆ ಅದು ಮೊದಲೇ ಸಿಕ್ಕಿತ್ತು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡೋಕೆ ಅಂತಲೇ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಮನೆಗೆ ಈಗಲೂ ಬೋರ್‌ವೆಲ್ ನೀರೇ.

ಒಂದು ಸುಲಭ ಪರೀಕ್ಷೆ ಇದೆ. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ಹಾಕಿ, ಸೋಪನ್ನು ಚಾಕುವಿನಿಂದ ಕೆರೆದು ಒಂದು ಚಿಟಿಕೆ ಸೇರಿಸಿ, ಮುಚ್ಚಳ ಹಾಕಿ ಹತ್ತು ಸಲ ಕುಲುಕಿ. ನೊರೆ ಮೇಲೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಕಮ್ಮಿ, ನೀರು ಹಾಲು ಕಲಸಿದ ಹಾಗೆ ಆಗಿದ್ದರೆ ಗಡಸು. ಮನೆಗೆ ಬಂದು ಅಡುಗೆಮನೆ ಕಟ್ಟೆಯ ಮೇಲೆ ಎರಡು ಬಾಟಲಿ ಇಟ್ಟು ನೋಡಿದೆ, ಒಂದರಲ್ಲಿ ಆರ್.ಟಿ. ನಗರ, ಇನ್ನೊಂದರಲ್ಲಿ ಯಲಹಂಕ. ಅಮ್ಮನೇ ಬಂದು ನೋಡಿ, ‘ಅಯ್ಯೋ, ಅದಕ್ಕೇ ನನ್ನ ತಲೆಕೂದಲು ಹೀಗಾಗಿರೋದು’ ಅಂದರು.

ಸೋಪ್ ಫ್ಯಾಕ್ಟರಿ ಸ್ಟಾಪು

ಆದರೆ ಮನೆಗೆ ಬರುವ ಮೊದಲು ಇನ್ನೊಂದು ಕಡೆ ಹೋಗಿದ್ದೆ. ಅಪ್ಪನಿಗೆ ಸ್ನಾನಕ್ಕೆ ಮೊದಲಿನಿಂದಲೂ ಮೈಸೂರು ಸ್ಯಾಂಡಲ್ಲೇ. ‘ಶೇವಿಂಗಿಗೂ ಅದನ್ನೇ ಹಾಕಿದರೆ ಖುಷಿಯಾಗ್ತಾರೆ ಅಲ್ವಾ?’ ಅಂತ ಅಣ್ಣನನ್ನು ಕೇಳಿದ್ದೆ. ಅವರು, ‘ದೀಪದ ಎಣ್ಣೇಲಿ ಬಜ್ಜಿ ಕರೀತೀರಾ? ಅದು ಸ್ನಾನದ್ದು, ಇದು ಶೇವಿಂಗಿನದ್ದು’ ಅಂದಿದ್ದರು. ಸೋಪಿನಲ್ಲೂ ಹಾಗೆ ಭೇದ ಇರುತ್ತಾ ಅನ್ನೋ ಕುತೂಹಲಕ್ಕೆ, ಅರ್ಧ ದಿನ ರಜೆಯೂ ಉಳಿದಿದೆ ಅಂತ, ಮೇಖ್ರಿ ಸರ್ಕಲ್‌ನಿಂದ ಸಿ.ವಿ. ರಾಮನ್ ರಸ್ತೆ ಹಿಡಿದು ಯಶವಂತಪುರದ ಕಡೆ ತಿರುಗಿದೆ.

ಆ ದಾರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸಿಗುತ್ತೆ. ನಮ್ಮ ಗಂಧದ ಸೋಪಿನ ಕತೆಯ ಒಂದು ಎಳೆ ಅಲ್ಲಿಂದಲೇ ಶುರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಗಂಧದ ಮರ ಮಾರಾಟವಾಗದೆ ಇಲ್ಲೇ ರಾಶಿ ಬಿತ್ತು. ಇಲ್ಲೇ ಎಣ್ಣೆ ತೆಗೆಯೋಣ ಅಂತ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ ಹೊರಟರು. ಎಣ್ಣೆ ಬಟ್ಟಿ ಇಳಿಸುವ ವಿಧಾನಕ್ಕೆ ಇನ್‌ಸ್ಟಿಟ್ಯೂಟಿನ ಪ್ರೊಫೆಸರುಗಳಾದ ಸಡ್‌ಬರೊ ಮತ್ತು ವಾಟ್ಸನ್ ನೆರವಾದರು. ಸೋಪು ಮಾಡೋದು ಕಲಿಯೋಕೆ ಎಸ್.ಜಿ. ಶಾಸ್ತ್ರಿ ಅನ್ನುವ ಯುವಕ ಇಂಗ್ಲೆಂಡಿಗೆ ಹೋಗಿ ಬಂದರು. ಜನ ಅವರನ್ನು ಕರೆದಿದ್ದೇ ‘ಸೋಪ್ ಶಾಸ್ತ್ರಿ’ ಅಂತ. ನಗರದ ಮಧ್ಯದಲ್ಲಿದ್ದ ಸರ್ಕಾರಿ ಸೋಪು ಕಾರ್ಖಾನೆ 1957ರಲ್ಲಿ ಈಗಿನ ಜಾಗಕ್ಕೆ ಬಂತು. 1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಕಂಪನಿಯಾಯಿತು. 2014ರಲ್ಲಿ ಆ ದಾರಿಗೆ ಮೆಟ್ರೊ ಬಂದಾಗ ನಿಲ್ದಾಣಕ್ಕೂ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಅಂತಲೇ ಹೆಸರು. ಒರಾಯನ್ ಮಾಲ್‌ಗೆ ಹೋಗೋರೆಲ್ಲ ಇಳಿಯೋದು ಅಲ್ಲೇ. ಸೋಪಿಗಾಗಿ ಇಳಿದವನು ಅವತ್ತು ನಾನೊಬ್ಬನೇ ಇರಬೇಕು.

ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಎದುರಿನ ಅಂಗಡಿಯಲ್ಲಿ ಒಂದು ಸೋಪು ಕೊಂಡು, ಕಾಫಿ ಕುಡಿಯುತ್ತಾ ಫೋನಿನಲ್ಲಿ ಓದಿದೆ. ಅಣ್ಣ ಹೇಳಿದ್ದು ನಿಜ. ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿದರೆ ಸೋಪು. ಸ್ನಾನದ ಸೋಪಿಗೆ ಸಾಮಾನ್ಯವಾಗಿ ಹಾಕೋದು ಸೋಡಿಯಂ ಕ್ಷಾರ. ಬಿಲ್ಲೆ ಗಟ್ಟಿಯಾಗುತ್ತೆ, ಬೇಗ ನೊರೆ ಬಂದು ಬೇಗ ಹೋಗುತ್ತೆ. ಮೈಗೆ ಅಷ್ಟು ಸಾಕು. ಶೇವಿಂಗ್ ಸೋಪಿಗೆ ಪೊಟ್ಯಾಸಿಯಂ ಕ್ಷಾರವನ್ನೂ ಸೇರಿಸುತ್ತಾರೆ, ಸ್ಟಿಯರಿಕ್ ಆ್ಯಸಿಡ್ ಜಾಸ್ತಿ ಇರುತ್ತೆ. ಅದರಿಂದ ಗುಳ್ಳೆ ಸಣ್ಣದು, ನೊರೆ ದಪ್ಪ, ನೀರನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತೆ. ಕೊಳ್ಳುವಾಗ ಪ್ಯಾಕಿನ ಹಿಂದೆ ಸ್ಟಿಯರಿಕ್ ಆ್ಯಸಿಡ್, ಪೊಟ್ಯಾಸಿಯಂ ಹೆಸರು ಮೊದಲ ಸಾಲುಗಳಲ್ಲಿ ಇದೆಯಾ ನೋಡಿದರೆ ಸಾಕು.

ರಾತ್ರಿ ಅಪ್ಪನಿಗೆ ಇದೆಲ್ಲ ಹೇಳಿದೆ. ಅವರಿಗೆ ಕ್ಷಾರದ ಮಾತು ಬೇಕಿರಲಿಲ್ಲ. ‘ಗಂಧದ ವಾಸನೆ ಬರ್ತಿತ್ತಾ?’ ಅಂತ ಕೇಳಿದರು. ಅವರ ಕಂಪನಿ ಬಸ್ಸು ಮಲ್ಲೇಶ್ವರದವರನ್ನು ಹತ್ತಿಸಿಕೊಂಡು ಸೋಪ್ ಫ್ಯಾಕ್ಟರಿ ಮುಂದೆಯೇ ಪೀಣ್ಯಕ್ಕೆ ಹೋಗುತ್ತಿತ್ತಂತೆ. ‘ನಿದ್ದೆ ಮಾಡ್ತಿದ್ದೋರಿಗೂ ಮೂಗಿಗೇ ಗೊತ್ತಾಗ್ತಿತ್ತು. ಸೋಪ್ ಫ್ಯಾಕ್ಟರಿ ಬಂತು, ಇನ್ನು ಏಳ್ಬೇಕು ಅಂತ.’ ಬಹಳ ದಿನದ ಮೇಲೆ ಅವರು ಫ್ಯಾಕ್ಟರಿ ದಿನಗಳ ಬಗ್ಗೆ ಮಾತಾಡಿದ್ದು.

ನೀವೂ ಕಲಿಯೋದಾದರೆ

ಬಾಟಲಿ ಕಾವೇರಿ ನೀರು ಎರಡೇ ದಿನಕ್ಕೆ ಮುಗೀತು. ದಿನಾ ಆರ್.ಟಿ. ನಗರಕ್ಕೆ ಹೋಗೋಕಾಗುತ್ತಾ? ಉತ್ತರ ಅಡುಗೆಮನೆಯಲ್ಲೇ ಇತ್ತು. ನೊರೆಗೆ ಬೇಕಾದ ನೀರು ಒಂದು ಟೀ ಲೋಟ ಮಾತ್ರ. ಕುಡಿಯುವ ಆರ್‌ಓ ಫಿಲ್ಟರಿನಿಂದ ಹಿಡಿದು ಬೆಚ್ಚಗೆ ಮಾಡಿಕೊಂಡರೆ ಆಯ್ತು. ಫಿಲ್ಟರ್ ಇಲ್ಲದಿದ್ದರೆ ನೀರು ಚೆನ್ನಾಗಿ ಕುದಿಸಿ ಆರಿಸಿ, ತಳದ ಬಿಳಿ ಪುಡಿ ಬಿಟ್ಟು ಮೇಲಿನ ನೀರು ಬಸಿದುಕೊಳ್ಳಿ. ಗಡಸುತನ ಪೂರ್ತಿ ಹೋಗದಿದ್ದರೂ ಒಂದು ಪಾಲು ಕಮ್ಮಿಯಾಗುತ್ತೆ. ತಾರಸಿಯ ಮಳೆನೀರು ಹಿಡಿಯುವವರಿಗೆ ಚಿಂತೆಯೇ ಇಲ್ಲ, ಮಳೆನೀರಿಗಿಂತ ಮೆದು ನೀರು ಬೇರೊಂದಿಲ್ಲ.

ಆ ಮೂರು ವಾರದಲ್ಲಿ ನಾನು ಕಲಿತಿದ್ದು ಇಷ್ಟು:

ಮೊದಲು ಮುಖ. ಸ್ನಾನ ಆದ ಮೇಲೆ ಅಥವಾ ಬಿಸಿನೀರಲ್ಲಿ ಹಿಂಡಿದ ಟವೆಲ್ ಎರಡು ನಿಮಿಷ ಇಟ್ಟ ಮೇಲೆ ಶುರುಮಾಡಿ.

ಬ್ರಷ್ ನೆನೆಸೋದು ಮೂರು ನಿಮಿಷ. ನೀರು ಬೆಚ್ಚಗಿರಲಿ, ಕುದಿಯೋದು ಬೇಡ. ಕೂದಲು ಹಾಳಾಗುತ್ತೆ.

ಸೋಪಿನ ಮೇಲೆ ಮೂವತ್ತು ಎಣಿಸುವ ತನಕ ಸುತ್ತಿ. ಒತ್ತಬೇಡಿ, ತುದಿ ಮಾತ್ರ ತಾಗಲಿ.

ನೀರು ಹನಿ ಹನಿಯಾಗಿ. ನಾಲ್ಕು ಹನಿ, ಹದಿನೈದು ಸುತ್ತು. ಮತ್ತೆ ನಾಲ್ಕು ಹನಿ. ಹೊಳಪು ಬರೋವರೆಗೂ.

ಒಣಗಿದ ನೊರೆ ಸರಿ ಮಾಡಬಹುದು, ನೀರು ಹಾಕಿದರೆ ಆಯ್ತು. ನೀರಾದ ನೊರೆ ಸರಿ ಮಾಡೋದು ಕಷ್ಟ. ಬ್ರಷ್ ಕೊಡವಿ ಮತ್ತೆ ಸೋಪಿಗೆ ಹೋಗಬೇಕು.

ಮುಖಕ್ಕೆ ಹಚ್ಚುವಾಗ ಮೊದಲು ಸುತ್ತು ಸುತ್ತಾಗಿ, ಕೂದಲಿನ ಬುಡಕ್ಕೆ ಹೋಗಲಿ. ಕೊನೆಗೆ ಸುಣ್ಣ ಬಳಿದ ಹಾಗೆ ಮೇಲೆ ಕೆಳಗೆ ಎಳೆದು ಸಮ ಮಾಡಿ. ಒಂದು ನಿಮಿಷ ಬಿಡಿ.

ಬ್ಲೇಡ್ ಹೊಸದಿರಲಿ. ಕೂದಲು ಬೆಳೆದ ದಿಕ್ಕಿನಲ್ಲೇ, ಚಿಕ್ಕ ಚಿಕ್ಕ ಎಳೆತ. ನೊರೆ ಹೋದ ಜಾಗದ ಮೇಲೆ ಮತ್ತೆ ಬ್ಲೇಡ್ ಬೇಡ. ಬೇಕಿದ್ದರೆ ಮತ್ತೆ ನೊರೆ ಹಚ್ಚಿ.

ಮುಗಿದ ಮೇಲೆ ಬ್ರಷ್ಷನ್ನು ಸೋಪು ಹೋಗುವ ತನಕ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಇಡಿ. ಡಬ್ಬಿಯೊಳಗೆ ಮುಚ್ಚಿಟ್ಟರೆ ಬೂಸಲು ಹಿಡಿಯುತ್ತೆ.

ಹಿರಿಯರಿಗೆ ಮಾಡುವಾಗ ಇನ್ನೊಂದು ಮಾತು. ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬ್ಲೇಡ್ ಬಳಸಬಹುದಾ ಅಂತ ಮೊದಲು ಡಾಕ್ಟರನ್ನು ಕೇಳಿ. ಸಣ್ಣ ಗಾಯದ ರಕ್ತವೂ ಬೇಗ ನಿಲ್ಲಲ್ಲ. ಅಂಥವರಿಗೆ ಎಲೆಕ್ಟ್ರಿಕ್ ಶೇವರ್ರೇ ಕ್ಷೇಮ. ಅಪ್ಪನಿಗೆ ಆ ಮಾತ್ರೆ ಇಲ್ಲ, ಕೇಳಿಯೇ ಶುರುಮಾಡಿದೆ.

ಬ್ರಷ್ ಯಾರ ಕೈಯಲ್ಲಿ

ಮೊದಲ ವಾರ ನೊರೆ ಬಂತು, ಆದರೆ ಅಪ್ಪ ಖುಷಿಯಾಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಟವೆಲ್ ಹೊದ್ದು, ಕಣ್ಣು ಮುಚ್ಚಿ, ಇಂಜೆಕ್ಷನ್ನಿಗೆ ಕೂತವರ ಹಾಗೆ ಕೂರುತ್ತಿದ್ದರು. ನಾನು ‘ತಲೆ ಆ ಕಡೆ ತಿರುಗಿಸಿ’, ‘ಮೇಲೆತ್ತಿ’ ಅಂತ ಹೇಳುತ್ತಿದ್ದೆ. ಮುಗಿದ ಮೇಲೆ ‘ಆಯ್ತಾ?’ ಅಂತ ಕೇಳಿ ಎದ್ದುಹೋಗುತ್ತಿದ್ದರು. ಕನ್ನಡಿ ನೋಡುತ್ತಿರಲಿಲ್ಲ.

ಎರಡನೇ ವಾರದಲ್ಲಿ ಒಂದು ದಿನ ಬ್ರಷ್ ನೆನೆಸಿಟ್ಟಿದ್ದಾಗ ಆಫೀಸಿನಿಂದ ಕಾಲ್ ಬಂತು. ‘ಎರಡು ನಿಮಿಷ ಅಪ್ಪ’ ಅಂತ ಹೇಳಿ ಬಾಲ್ಕನಿಗೆ ಹೋದೆ. ಎರಡು ನಿಮಿಷ ಹತ್ತಾಯ್ತು, ನಿಮಗೆ ಗೊತ್ತಲ್ಲ. ಮಾತಾಡುತ್ತಿದ್ದಾಗಲೇ ಒಳಗಿನಿಂದ ಒಂದು ಸದ್ದು ಕೇಳಿಸಿತು. ಸ್ಟೀಲ್ ಬಟ್ಟಲಿಗೆ ಬ್ರಷ್ ತಾಗುವ ಸದ್ದು.

ಬಂದು ನೋಡಿದರೆ ಅಪ್ಪ ಬಟ್ಟಲನ್ನು ತೊಡೆಯ ಮಧ್ಯೆ ಗಟ್ಟಿಯಾಗಿ ಇಟ್ಟುಕೊಂಡು ಬ್ರಷ್ ತಿರುಗಿಸುತ್ತಿದ್ದರು. ಕೈ ನಡುಗುತ್ತಿತ್ತು. ನಡುಗಿದರೆ ಏನು? ಬ್ರಷ್ಷಿಗೆ ಆ ನಡುಕ ಲೆಕ್ಕಕ್ಕೇ ಇಲ್ಲ. ಬ್ಲೇಡಿಗೆ ಬೇಕಾದ್ದು ನಿಂತ ಕೈ, ನೊರೆಗೆ ಬೇಕಾದ್ದು ಆಡುವ ಕೈ. ಒಂದಷ್ಟು ನೊರೆ ಪಂಚೆ ಮೇಲೆ ಬಿದ್ದಿತ್ತು, ಒಂದಷ್ಟು ನೆಲದ ಮೇಲೆ. ಬಟ್ಟಲಲ್ಲಿ ಇದ್ದಿದ್ದು ಮಾತ್ರ ನಾನು ಇಲ್ಲಿವರೆಗೆ ಮಾಡಿದ್ದಕ್ಕಿಂತ ಒಳ್ಳೇ ನೊರೆ. ಹೊಳೆಯುತ್ತಿತ್ತು.

ನಾನು ಏನೂ ಹೇಳಲಿಲ್ಲ. ಅವರು ಬಟ್ಟಲು ನನ್ನ ಕಡೆ ಚಾಚಿ ‘ನೋಡು, ಹಿಂಗಿರ್ಬೇಕು’ ಅಂದರು. ಆಮೇಲೆ ತಾವೇ ಮುಖಕ್ಕೆ ಹಚ್ಚಿಕೊಂಡರು. ಕಿವಿಗೆ, ಮೂಗಿಗೆಲ್ಲ ತಾಗಿತು. ಇಬ್ಬರೂ ನಕ್ಕೆವು. ರೇಜರ್ ನಾನು ತೆಗೆದುಕೊಂಡೆ.

ಅವತ್ತಿನಿಂದ ಕೆಲಸ ಹಂಚಿಕೆಯಾಗಿದೆ. ನೀರು, ಬ್ರಷ್, ನೊರೆ ಅವರದ್ದು. ಬ್ಲೇಡ್ ನನ್ನದು. ಅವರು ಕಣ್ಣು ಮುಚ್ಚುವುದು ಬಿಟ್ಟಿದ್ದಾರೆ. ಕೈಗನ್ನಡಿ ಹಿಡಿದುಕೊಳ್ಳುವ ಕೆಲಸ ಅಮ್ಮನಿಗೆ ಬಂದಿದೆ. ‘ಅಲ್ಲಿ ಉಳೀತು ನೋಡೋ’ ಅಂತ ತೋರಿಸುತ್ತಾರೆ, ಮೆಷಿನ್ ಶಾಪಿನಲ್ಲಿ ಜೂನಿಯರ್ ಹುಡುಗನಿಗೆ ಹೇಳಿದ ಹಾಗೆ.

ಊಟದ ದಿನ ಭಾನುವಾರ. ನಾನು ಏಳುವ ಮೊದಲೇ ಬಟ್ಟಲಿನ ಸದ್ದು ಕೇಳಿಸಿತು. ಟ್ಯಾಕ್ಸಿಯಲ್ಲಿ ಹೊರಟೆವು. ಯಶವಂತಪುರಕ್ಕೆ ಬಂದಾಗ ಹೋಟೆಲಿಗೆ ಬಲಕ್ಕೆ ಹೋಗಬೇಕಿತ್ತು. ‘ಒಂದ್ಸಲ ಸೋಪ್ ಫ್ಯಾಕ್ಟರಿ ಮುಂದೆ ಹೋಗಿ ಬರೋಣ್ವಾ?’ ಅಂದರು. ಡ್ರೈವರ್ ಗಾಡಿ ತಿರುಗಿಸಿದರು. ಗೇಟಿನ ಹತ್ತಿರ ಬಂದಾಗ ಅಪ್ಪ ಕಿಟಕಿ ಇಳಿಸಿ ಮೂಗು ಅರಳಿಸಿದರು. ಭಾನುವಾರ, ನನಗಂತೂ ಹೊಗೆ ವಾಸನೆ ಬಿಟ್ಟರೆ ಏನೂ ಬರಲಿಲ್ಲ.

‘ಬರ್ತಿದೆ’ ಅಂದರು ಅಪ್ಪ.

ಹೋಟೆಲಿನ ಬಾಗಿಲಲ್ಲಿ ಅವರ ಹಳೇ ಸ್ನೇಹಿತರೊಬ್ಬರು ಕೆನ್ನೆ ತಟ್ಟಿ, ‘ಏನಯ್ಯ, ಇನ್ನೂ ಫಸ್ಟ್ ಶಿಫ್ಟಿಗೆ ಹೊರಟ ಹಾಗೇ ಇದ್ದೀಯ!’ ಅಂದರು. ಅಪ್ಪ ನನ್ನ ಕಡೆ ತಿರುಗಿ, ‘ನೀನು ಹೋಗಿ ಎಲ್ಲಾದ್ರೂ ಕಾಫಿ ಕುಡಿದು ಬಾ, ಮೂರು ಗಂಟೆಗೆ ಬಂದರೆ ಸಾಕು’ ಅಂತ ಹೇಳಿ ಒಳಗೆ ಹೋದರು.